ಕುದುರೆಗೂದಲಿನ ಸೀಟು

ಸೀಟಿನ ಹೊಟ್ಟೆಯಲ್ಲಿರುವುದನ್ನೆಲ್ಲ ಕಿತ್ತು ಸುಟ್ಟುಹಾಕು, ಅಲ್ಲಿಯವರೆಗೆ ಅದರ ಮೇಲೆ ಕೂರಬೇಡ ಎಂದು ಹಲ್ಲಿನ ಡಾಕ್ಟರಮ್ಮ ಹೇಳಿದಾಗ ಜರ್ಮನಿ ನಕ್ಕುಬಿಟ್ಟ. ಮುಗುಳ್ನಗೆಯಲ್ಲ, ಶೆಡ್ಡಿನ ತಗಡಿಗೆ ಬಡಿದು ವಾಪಸ್ಸು ಬರುವಂಥ ನಗು. ಸೀಟು ಹೊಲಿಯುವವನು ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ಕೈಗೆ ತೆಗೆದುಕೊಂಡು, ಈ ಇಬ್ಬರಲ್ಲಿ ಯಾರಿಗೆ ತಲೆ ಕೆಟ್ಟಿದೆ ಎಂದು ತಿಳಿಯದೆ ನೋಡುತ್ತ ನಿಂತ.

ಜರ್ಮನಿ ಅನ್ನುವುದು ಅವನ ಹೆಸರೇನಲ್ಲ. ಮಾರ್ಕೆಟ್ಟಿನ ಮೂಲೆಯಲ್ಲಿ ಕನ್ನಡಕದಂಗಡಿ ಇಟ್ಟುಕೊಂಡವನು, ಜರ್ಮನಿಯ ನೆಲವನ್ನು ಕನಸಿನಲ್ಲೂ ಮೆಟ್ಟಿದವನಲ್ಲ. ಆದರೆ ಕಣ್ಣು ತೋರಿಸಲು ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಕೊನೆಯ ಸಾಲು ಓದಿ ಎನ್ನುವಷ್ಟರಲ್ಲಿ ಅವನ ಬಾಯಿಂದ ಆ ದೇಶದ ಕೊಕ್ಕರೆ ಕಾರು ಕಂಪನಿಯ ಚರಿತ್ರೆ ಹೊರಡುತ್ತಿತ್ತು. ಸೈಕಲ್ ರಿಪೇರಿಯ ಕೊಟ್ಟಿಗೆಯೊಂದರಲ್ಲಿ ಮಾವ-ಅಳಿಯ ಸೇರಿ ಕಟ್ಟಿದ ಕಂಪನಿಯಂತೆ. ಯುದ್ಧದಲ್ಲಿ ಬಾಂಬು ಬಿದ್ದು ಒಂದು ಗೋಡೆ ಮಾತ್ರ ಉಳಿಯಿತಂತೆ. ಸೈನಿಕರು ಬಿಸಾಕಿದ ಕಬ್ಬಿಣದ ಟೋಪಿಗಳನ್ನು ಬಡಿದು ಪಾತ್ರೆ ಮಾಡಿ ಮಾರಿ ಹೊಟ್ಟೆ ಹೊರೆದು, ಆಮೇಲೆ ಅದೇ ಒಂಟಿ ಗೋಡೆಗೆ ಆನಿಸಿ ಕಾರ್ಖಾನೆ ಎಬ್ಬಿಸಿ ಈ ಉರುಟು ಮೂತಿಯ ಕಾರು ಮಾಡಿದರಂತೆ. ಬಾನೆಟ್ಟಿನ ತುದಿಯಲ್ಲಿ ಒಂಟಿಕಾಲಿನ ಕೊಕ್ಕರೆ, ಅದೇ ಕಂಪನಿಯ ಗುರುತು. ಕಣ್ಣು ಮುಚ್ಚಿಕೊಂಡು ಕೂತ ಗಿರಾಕಿ, ಆ ಮಾವ ಆಮೇಲೆ ಏನಾದ ಎಂದು ಕೇಳಿದರೆ ಮಾತ್ರ ಜರ್ಮನಿ ಅವಸರ ಮಾಡುತ್ತಿದ್ದ. ಅಳಿಯ ಮಾವನ ಹೆಸರನ್ನು ಬೋರ್ಡಿನಿಂದ ಕೀಳಿಸಿದನಂತೆ, ಮುದುಕನನ್ನು ಗೇಟಿನ ಕಾವಲುಗಾರನೂ ಒಳಗೆ ಬಿಡಲಿಲ್ಲವಂತೆ, ದೊಡ್ಡ ಕಂಪನಿ ಅಂದಮೇಲೆ ಇಂಥವೆಲ್ಲ ಇದ್ದದ್ದೇ, ಈಗ ಇನ್ನೊಂದು ಕಣ್ಣು ಮುಚ್ಚಿ.

ಅಂಥವನಿಗೆ ಕೊಕ್ಕರೆ ಕಾರನ್ನು ಅವನ ಅಕ್ಕ ಸುಮ್ಮನೆ ಕೊಟ್ಟುಬಿಟ್ಟಳು. ಭಾವ ಎಲ್ಲಿಂದಲೋ ತಂದು ಓಡಿಸುತ್ತಿದ್ದ ಹಳೆಯ ಕಾರು ಅದು. ಈಚೆಗೆ ಮೂಲೆ ಹಿಡಿದು ನಿಂತಿತ್ತು. ಅಕ್ಕ ಅಂದರೆ ಅವನಿಗೆ ಬರೀ ಅಕ್ಕ ಅಲ್ಲ ನೋಡಿ. ತಾಯಿ ಹೋದ ಮೇಲೆ ಅವನ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು, ಅವನ ಓದು ಮುಗಿಯಲಿ ಎಂದು ತನ್ನ ಮದುವೆಯನ್ನೇ ಮುಂದಕ್ಕೆ ಹಾಕಿದವಳು. ಅವನ ತಲೆ ನೆರೆತರೂ ಅವಳಿಗೆ ಅವನಿನ್ನೂ ಪುಟ್ಟ. ಮನೆಗೆ ಕರೆಸಿ, ಕೀಯನ್ನು ಅವನ ಅಂಗೈಯಲ್ಲಿಟ್ಟಳು.

"ಚಿಕ್ಕಂದಿನಿಂದ ಇದರದ್ದೇ ಜಪ ಮಾಡ್ತಿದ್ದೆ. ತಗೋ ಪುಟ್ಟ. ಏನೂ ಬದಲಾಯಿಸಬೇಡ, ಹೇಗಿದೆಯೋ ಹಾಗೇ ಇಟ್ಕೊ."

ಹಾಗೆಂದು ಅವನ ಬೆರಳುಗಳನ್ನು ಒಂದೊಂದಾಗಿ ತಾನೇ ಮಡಚಿ, ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಅವಳ ಕೈ ತಣ್ಣಗೆ ಕೊರೆಯುತ್ತಿತ್ತು. ಅವಳು ಬಿಟ್ಟ ಮೇಲೆ ಜರ್ಮನಿ ಕೀಯನ್ನು ಕಣ್ಣಿಗೊತ್ತಿಕೊಂಡ. ಆಮೇಲೆ ಭಾವ ಎಲ್ಲಿ, ಈಚೆಗೆ ಮುಖಾನೇ ತೋರಿಸಲ್ಲವಲ್ಲ ಎಂದು ಕೇಳಿದ. ಇಲ್ಲೇ ಎಲ್ಲೋ ಇರಬೇಕು ಎಂದು ಅಕ್ಕ ಅಡುಗೆಮನೆಯ ಕಡೆ ತಿರುಗಿದಳು. ಸೋಫಾದ ತುದಿಯಲ್ಲಿ ಯಾರೋ ಒಬ್ಬ ಬಡಕಲು ಗಂಡಸು ಮೊಣಕಾಲುಗಳನ್ನು ಜೋಡಿಸಿಕೊಂಡು ಕೂತಿದ್ದ. ನಲ್ಲಿ ರಿಪೇರಿಗೋ ಫ್ಯಾನ್ ರಿಪೇರಿಗೋ ಬಂದವನಿರಬೇಕು. ಅವನು ಜರ್ಮನಿಯನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿ ಬಂದಿತ್ತು. ಕಣ್ಣಿನ ಪೊರೆ ಬೆಳೆದಿರಬೇಕು, ಅಂಗಡಿಗೆ ಬರಲು ಹೇಳೋಣ ಎಂದುಕೊಂಡ ಜರ್ಮನಿ, ಖುಷಿಯಲ್ಲಿ ಅದನ್ನೂ ಮರೆತು, ಸೀಟಿನ ಹರಿದ ಚರ್ಮ ಹೊಲಿಸಲೆಂದು ಕಾರನ್ನು ಲಾರಿಯಿಂದ ಎಳೆಸಿಕೊಂಡು ಶೆಡ್ಡಿಗೆ ತಂದ.

ಈಗ ಶೆಡ್ಡಿಗೆ ಬಂದು ನಿಂತಿದ್ದ ಡಾಕ್ಟರಮ್ಮ ಆ ಕಾರಿನ ಹಿಂದಿನ ಒಡತಿ. ಭಾವನಿಗೆ ಅದನ್ನು ಕೊಟ್ಟವಳು ಅವಳೇ. ಕರೆಯದೆ ಬಂದಿದ್ದಳು, ಬಂದವಳು ಕೂರಲಿಲ್ಲ, ಕಾರನ್ನು ಮುಟ್ಟಲಿಲ್ಲ. ಕೇಳಿದ್ದೊಂದೇ, ಇದನ್ನು ನಿನಗೆ ಯಾರು ಕೊಟ್ಟರು ಅಂತ. ನಮ್ಮಕ್ಕ ಎಂದ ಜರ್ಮನಿ.

"ಕೈಗೇ ಕೊಟ್ಟಳಾ?"

"ಮತ್ತೆ? ಕಾಲಿಗೆ ಕೊಡ್ತಾರಾ ಯಾರಾದ್ರೂ?"

ಡಾಕ್ಟರಮ್ಮ ನಗಲಿಲ್ಲ. "ಕೂರೋಕೆ ಮುಂಚೆ ಸುಡು. ಕೂತ ಮೇಲೆ ಸುಟ್ಟರೆ ಸುಟ್ಟುಹೋಗೋದು ನೀನು," ಎಂದು ಹೇಳಿ ಹೊರಟುಹೋದಳು.

ಇಷ್ಟಕ್ಕೂ ಆ ಸೀಟಿನಲ್ಲಿದ್ದದ್ದೇನು ಅಂದರೆ, ಹಳೆಯ ಕೊಕ್ಕರೆ ಕಾರಿನ ಸೀಟಿಗೆ ಫೋಮು ಇರುತ್ತಿರಲಿಲ್ಲ. ಸ್ಪ್ರಿಂಗಿನ ಮೇಲೆ ಗೋಣಿ, ಗೋಣಿಯ ಮೇಲೆ ಒತ್ತೊತ್ತಾಗಿ ಕೂರಿಸಿದ ಕುದುರೆಯ ಕೂದಲು, ಅದರ ಮೇಲೆ ಚರ್ಮ. ಡ್ರೈವರ್ ಸೀಟಿನ ಚರ್ಮ ಸೀಳಿದೊಡನೆ ಶೆಡ್ಡಿನ ತುಂಬ ಒಂದು ವಾಸನೆ ಎದ್ದಿತ್ತು. ಒದ್ದೆಯಾದ ಪ್ರಾಣಿಯ ಮೈವಾಸನೆ, ಅದರ ಹಿಂದೆ ಹಳಸಿದ ತಲೆಯೆಣ್ಣೆ, ಅದರ ಹಿಂದೆ ಸೀದ ಉಗುರು. ಕಂದು ಕುದುರೆಗೂದಲಿನ ನಡುವೆ, ಹಾವು ಸುತ್ತಿಕೊಂಡ ಹಾಗೆ, ಕಪ್ಪಗೆ ಮಿರುಗುವ ಜಡೆ. ಕುದುರೆಯದಲ್ಲ, ಹೆಂಗಸಿನದು. ಬುಡದಿಂದ ಕತ್ತರಿಸಿದ್ದು. ತಾಮ್ರದ ತಂತಿಯಿಂದ ಬಿಗಿದು, ಹೆಣಿಗೆ ಹೆಣಿಗೆಗೂ ಒಂದೊಂದು ತುಕ್ಕು ಮೊಳೆ ಚುಚ್ಚಿತ್ತು.

ಸೀಟು ಹೊಲಿಯುವವನಿಗೆ ಮಾಟ-ಮಂತ್ರದ ಗೊಡವೆಯೇನೂ ಇರಲಿಲ್ಲ. ಅವನಿಗೆ ಮೂಗು ಮುಚ್ಚಿಕೊಳ್ಳುವ ಕೆಲಸ ಬೇಡವಾಗಿತ್ತು, ಅಷ್ಟೆ. ಇದನ್ನೆಲ್ಲ ಬಿಸಾಕಿ ಫೋಮ್ ಹಾಕಿಬಿಡ್ತೀನಿ ಸಾರ್, ಹತ್ತಿಯ ಮೇಲೆ ಕೂತ ಹಾಗಿರುತ್ತೆ ಎಂದ. ಇಲ್ಲೇ ನೋಡಿ, ಜರ್ಮನಿ ಮಾಡಬಾರದ್ದನ್ನು ಮಾಡಿದ್ದು. ಬೇರೆ ಯಾರೇ ಆಗಿದ್ದರೂ ಆ ಗಲೀಜನ್ನು ಕಸದ ಗುಂಡಿಗೆ ಎಸೆದು ಕೈ ತೊಳೆದುಕೊಳ್ಳುತ್ತಿದ್ದರು. ಹಳೆ ಕಾರಿನ ಹುಚ್ಚರು ಮಾತ್ರ ಎಸೆಯುವುದಿಲ್ಲ. ಕೊಕ್ಕರೆ ಕಾರಿನ ಮಾಲೀಕರು ವರ್ಷಕ್ಕೊಮ್ಮೆ ಕಾರು ಸಾಲಾಗಿ ನಿಲ್ಲಿಸಿಕೊಂಡು ಸೇರುತ್ತಾರೆ. ಅಲ್ಲಿ ತೀರ್ಪು ಕೊಡುವವರು ಬಣ್ಣ ನೋಡುವುದಿಲ್ಲ, ಸೀಟಿನಡಿಗೆ ಕೈ ತೂರಿಸಿ ಕೂದಲನ್ನು ಹಿಚುಕಿ ನೋಡುತ್ತಾರೆ. ಫೋಮು ಸಿಕ್ಕಿತೋ, ಮುಗಿಯಿತು, ಮಾನ ಹೋದ ಹಾಗೆ. ಒಂದು ಸ್ಕ್ರೂ ಬದಲಾದರೂ ಅದು ಕಾರಲ್ಲ, ಕಾರಿನ ವೇಷ ಎಂದು ಅವನೇ ಎಷ್ಟು ಜನಕ್ಕೆ ಉಪದೇಶ ಮಾಡಿದ್ದನೋ. ಅಕ್ಕ ಬೇರೆ ಏನೂ ಬದಲಾಯಿಸಬೇಡ ಎಂದಿದ್ದಾಳೆ. ಕಾರ್ಖಾನೆಯ ಯಾವ ಹುಡುಗಿ ಯಾವ ಹರಕೆಗೆ ತನ್ನ ಜಡೆ ತುಂಬಿದ್ದಳೋ, ಅದೂ ಚರಿತ್ರೆಯೇ ಎಂದು, ಮೊಳೆ ಸಮೇತ ಜಡೆಯನ್ನು ಇದ್ದ ಜಾಗದಲ್ಲೇ ಇಟ್ಟು ಹೊಸ ಚರ್ಮ ಹೊಲಿಸಿದ. ಡಾಕ್ಟರಮ್ಮನಿಗೆ ವಯಸ್ಸಾಯಿತು, ಊರವರ ಹುಳುಕು ಹಲ್ಲು ನೋಡಿ ನೋಡಿ ಎಲ್ಲದರಲ್ಲೂ ಹುಳುಕು ಕಾಣುತ್ತದೆ ಎಂದು ಹೆಂಡತಿಯ ಹತ್ತಿರ ಹೇಳಿ ಇಬ್ಬರೂ ನಕ್ಕರು.

ಮೊದಲ ಸಲ ಅದರ ಮೇಲೆ ಕೂತ ದಿನವನ್ನು ಅವನು ಮದುವೆಯ ದಿನಕ್ಕಿಂತ ಚೆನ್ನಾಗಿ ನೆನಪಿಟ್ಟುಕೊಂಡಿದ್ದ. ಬಾಗಿಲು ಹಾಕಿದರೆ ದಪ್ಪ ಪುಸ್ತಕ ಮುಚ್ಚಿದ ಸದ್ದು. ಚೋಕ್ ಎಳೆದು ಕೀ ತಿರುಗಿಸಿದೊಡನೆ ಮೊದಲ ಪ್ರಯತ್ನಕ್ಕೇ ಇಂಜಿನ್ ಎಚ್ಚೆತ್ತು, ಗಂಟಲು ಸರಿ ಮಾಡಿಕೊಂಡು, ಹಾಡಲು ಶುರು ಮಾಡಿತು. ಸ್ಟೀರಿಂಗ್ ಚಕ್ರ ದೊಡ್ಡದು, ತೆಳ್ಳನೆಯದು, ಕೈಯಲ್ಲಿ ಹಿಡಿದರೆ ಕಾರು ಯೋಚಿಸುವುದೆಲ್ಲ ಬೆರಳಿಗೆ ಗೊತ್ತಾಗುವಂಥದು. ಪೆಟ್ರೋಲು, ಗ್ರೀಸು, ಹೊಸ ಚರ್ಮದ ಘಮ. ಸೀಟು ಬೆಚ್ಚಗಿತ್ತು. ಯಾರೋ ಈಗ ತಾನೇ ಎದ್ದುಹೋದ ಕುರ್ಚಿಯ ಹಾಗೆ ಬೆಚ್ಚಗಿತ್ತು.

ಅವತ್ತೇ ಸಂಜೆ ಅಕ್ಕನ ಫೋನು ಬಂತು. ಹೇಗಿದ್ದೀಯ, ಊಟ ಆಯಿತಾ, ಒಂದೂ ಇಲ್ಲ.

"ಕೂತ್ಯಾ?"

ಕೂತೆ ಅಕ್ಕ, ಸ್ವರ್ಗ ಎಂದ. ಆ ಕಡೆ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅವಳ ಹಿಂದೆ ಭಾವನ ನಗು, ಪಕ್ಕದ ಮನೆಯವರು ಅವನನ್ನು ಹೆಸರು ಹಿಡಿದು ಮಾತಾಡಿಸುವ ದನಿ, ಎಷ್ಟು ದಿನವಾಯಿತಪ್ಪ ನಿನ್ನ ನೋಡಿ ಅನ್ನುವ ಮಾತು. ಸದ್ಯ, ಅಕ್ಕನ ಮನೆಯಲ್ಲಿ ಗೆಲುವಿದೆ ಎಂದುಕೊಂಡ ಜರ್ಮನಿ. ಅಕ್ಕ ಅಳುತ್ತಿದ್ದಳು. ಸಂತೋಷಕ್ಕೆ ಇರಬೇಕೆಂದುಕೊಂಡ.

ಮೊದಲು ಬದಲಾದದ್ದು ಗಿರಾಕಿಗಳು. ತಂದೆಯ ಕಾಲದಿಂದ ಬರುತ್ತಿದ್ದ ಬಟ್ಟೆ ವ್ಯಾಪಾರಿ ಕುರ್ಚಿಯಲ್ಲಿ ಕೂತು, ಕತೆಯೆಲ್ಲ ಕೇಳಿ, ನೀವು ಚೆನ್ನಾಗಿ ಮಾತಾಡ್ತೀರಿ, ಹೊಸಬರೋ, ಓನರ್ ಎಲ್ಲಿ ಎಂದ. ತಮಾಷೆ ಎಂದುಕೊಂಡು ಜರ್ಮನಿ ತಾನೂ ಒಂದು ತಮಾಷೆ ಮಾಡಿದ. ವ್ಯಾಪಾರಿ ನಗಲಿಲ್ಲ. ಆಮೇಲೆ ಮಾರ್ಕೆಟ್ಟಿನಲ್ಲಿ ಅವನನ್ನು ಜರ್ಮನಿ ಎಂದು ಕೂಗುವವರು ಇಲ್ಲವಾದರು. ಹೂವಿನವಳು, ಬೀಗದವನು, ಎದುರಿನ ಮೆಡಿಕಲ್ ಶಾಪಿನವನು, ಎಲ್ಲರ ಕಣ್ಣೂ ಅವನ ಮುಖದ ಮೇಲೆ ಬಿದ್ದು, ನುಣ್ಣನೆಯ ಕಲ್ಲಿನಿಂದ ನೀರು ಜಾರಿದ ಹಾಗೆ ಜಾರಿಹೋಗುತ್ತಿತ್ತು. ಅವನನ್ನು ಯಾರೂ ಮರೆತಿರಲಿಲ್ಲ, ಅದೇ ವಿಚಿತ್ರ. ಕನ್ನಡಕದಂಗಡಿಯ ಜರ್ಮನಿ ಗೊತ್ತಾ ಎಂದರೆ ಗೊತ್ತು, ಒಳ್ಳೆ ಮನುಷ್ಯ, ಸ್ವಲ್ಪ ಕೊರೀತಾನೆ ಎನ್ನುತ್ತಿದ್ದರು. ಅವನೇ ಇವನು ಅನ್ನುವುದಷ್ಟೇ ಅವರಿಗೆ ಹೊಳೆಯುತ್ತಿರಲಿಲ್ಲ.

ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಹೆಂಗಸು ಒಂದು ಬೆಳಗ್ಗೆ ಅವನನ್ನು ಬಾಗಿಲಲ್ಲೇ ತಡೆದು, ಓನರ್ ಬರುವವರೆಗೆ ಹೊರಗೇ ಕೂತಿರಿ ಎಂದು ಸ್ಟೂಲು ಹಾಕಿಕೊಟ್ಟಳು. ಅವನು ತನ್ನದೇ ಅಂಗಡಿಯ ಮುಂದೆ ಆ ಸ್ಟೂಲಿನ ಮೇಲೆ ಕೂತು ತನ್ನ ದಾರಿಯನ್ನೇ ಕಾದ.

ಕಾರು ಮಾತ್ರ ದಿನದಿನಕ್ಕೆ ಅವನಿಗೆ ಒಗ್ಗುತ್ತಿತ್ತು. ಎಂಥ ಥಂಡಿಗೂ ಒಂದೇ ತಿರುವಿಗೆ ಹೊರಡುತ್ತಿತ್ತು. ಸೀಟು ಅವನ ಬೆನ್ನಿನ ಆಕಾರಕ್ಕೆ ತಗ್ಗಿ ಉಬ್ಬಿ, ಅವನನ್ನು ಮಡಿಲಲ್ಲಿ ಕೂರಿಸಿಕೊಂಡ ಹಾಗೆ ಹಿಡಿದುಕೊಳ್ಳುತ್ತಿತ್ತು. ಇಂಜಿನ್ ಆರಿಸಿದ ಮೇಲೂ ಸೀಟಿನೊಳಗೆ ಸರ್, ಸರ್ ಎಂದು ಸದ್ದು. ಯಾರೋ ಉದ್ದ ಕೂದಲಿಗೆ ನಿಧಾನವಾಗಿ ಬಾಚಣಿಗೆ ಹಾಕುತ್ತಿರುವ ಸದ್ದು. ಹೊಸ ಚರ್ಮದ ಹೊಲಿಗೆಯ ತೂತುಗಳಿಂದ ಕಪ್ಪು ಕೂದಲು ಒಂದೊಂದೇ ಹೊರಗೆ ಇಣುಕತೊಡಗಿತ್ತು.

ಹೆಂಡತಿಯ ಸರದಿ ಬಂದದ್ದು ಮಟಮಟ ಮಧ್ಯಾಹ್ನ. ಬಾಗಿಲು ತಟ್ಟಿದರೆ ಸರಪಳಿ ಹಾಕಿಯೇ ಸಂದಿಯಿಂದ ನೋಡಿದಳು. ಅವಳ ಹಿಂದೆ ಕುಕ್ಕರ್ ಕೂಗುತ್ತಿತ್ತು. ನಾನೇ ಕಣೆ, ತೆಗಿ ಎಂದ.

"ಯಾರ್ರೀ ನೀವು? ನಮ್ಮ ಯಜಮಾನ್ರು ಹೊರಗೆ ಹೋಗಿದಾರೆ. ಬಂದ್ಮೇಲೆ ಬನ್ನಿ."

ಅವನು ಮದುವೆಯ ದಿನದ ಮಾತು ಹೇಳಿದ, ಅವಳ ಬೆನ್ನಿನ ಮೇಲಿನ ಮಚ್ಚೆ ಹೇಳಿದ, ಮಗಳು ಹುಟ್ಟಿದಾಗ ಅವಳು ಆಸ್ಪತ್ರೆಯಲ್ಲಿ ಬೈದ ಬೈಗುಳ ಹೇಳಿದ. ಹೇಳಿದಷ್ಟೂ ಅವಳ ಮುಖ ಬಿಳಚಿಕೊಂಡಿತು. ಅಪರಿಚಿತನೊಬ್ಬನಿಗೆ ಇಷ್ಟೆಲ್ಲ ಗೊತ್ತಿದ್ದರೆ ಯಾವ ಹೆಂಗಸಿಗೆ ಧೈರ್ಯ ಇದ್ದೀತು. ಬಾಗಿಲು ಮುಚ್ಚಿತು. ಒಳಗೆ ಅವಳು ಫೋನಿನಲ್ಲಿ ಬಿಕ್ಕುತ್ತಿದ್ದಳು. ಅವನ ಜೇಬಿನಲ್ಲಿ ಫೋನು ಅದುರಿತು. ಎತ್ತಿ ಹಲೋ ಎಂದ. ನೀವು ಯಾರು, ನಮ್ಮವರ ಫೋನು ನಿಮ್ಮ ಕೈಗೆ ಹೇಗೆ ಬಂತು ಎಂದು ಅವಳು ಕಿರುಚಿದಳು.

ಅವನು ಕಾರು ತಿರುಗಿಸಿ ಸೀದಾ ಶೆಡ್ಡಿಗೆ ಹೋದ. ಸೀಟು ಹೊಲಿಯುವವನು ಇರಲಿಲ್ಲ. ಒಳಗಿನಿಂದ ಶಟರ್ ಎಳೆದ. ಹೊರಗೆ ಉರಿಬಿಸಿಲು, ಒಳಗೆ ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲು. ತಡಕಾಡಿ ಕತ್ತರಿ ಹುಡುಕಿ ಸೀಟಿನ ಹೊಲಿಗೆ ಬಿಚ್ಚಿದ. ಕೈ ಒಳಗೆ ಹೋಯಿತು. ಕುದುರೆಗೂದಲು ಎಲ್ಲಿ? ಇಲ್ಲ. ಬರೀ ನುಣುಪು. ಬರೀ ಜಡೆ. ಬೆಳೆದಿತ್ತು. ಸೀಟಿನ ಹೊಟ್ಟೆಯನ್ನೆಲ್ಲ ತುಂಬಿಕೊಂಡು ಸ್ಪ್ರಿಂಗಿಗೆ ಸುತ್ತಿತ್ತು. ಬೆಚ್ಚಗಿತ್ತು. ಹಿಡಿದು ಜಗ್ಗಿದ. ಅವನ ನೆತ್ತಿ ಚುರ್ರೆಂದಿತು. ಮತ್ತೆ ಜಗ್ಗಿದ. ತನ್ನದೇ ಕೂದಲನ್ನು ಬೇರು ಸಮೇತ ಕಿತ್ತ ಹಾಗೆ ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಎಳೆಗೆ ಬೆಂಕಿಕಡ್ಡಿ ತಾಗಿಸಿದ. ಎಳೆ ಉರಿಯಲಿಲ್ಲ. ಸೀದ ವಾಸನೆ ಬಂತು. ತಲೆಯಿಂದ. ತನ್ನ ತಲೆಯಿಂದ. ಕಿವಿಯ ಹಿಂದೆ ಕೈಯಿಟ್ಟರೆ ಚರ್ಮ ಬೊಕ್ಕೆ ಎದ್ದಿತ್ತು. ಕಡ್ಡಿ ಕೈ ಜಾರಿ ಬಿತ್ತು. ಕತ್ತಲಲ್ಲಿ ಬಾಚಣಿಗೆಯ ಸದ್ದು. ಸರ್. ಸರ್. ಅವನ ಬೆರಳುಗಳ ಸಂದಿಯಲ್ಲಿ ಜಡೆ ತಾನಾಗಿ ಒಂದು ಸುತ್ತು ಬಿಗಿಯಿತು.

ಕೈ ಬಿಡಿಸಿಕೊಂಡು ಅವನು ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಕಾರು ಓಡಿಸಿದ. ಅವಳು ಕಿಟಕಿಯಿಂದ ಕಾರನ್ನು ನೋಡಿ, ಇದು ಗೊತ್ತು, ನೀವು ಯಾರೋ ಗೊತ್ತಾಗಲಿಲ್ಲ ಎಂದಳು. ಆಮೇಲೆ, ಶೆಡ್ಡಿನಲ್ಲಿ ಕೇಳಿದ್ದ ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳಿದಳು. ಯಾರು ಕೊಟ್ಟರು? ಕೈಗೇ ಕೊಟ್ಟರಾ? ಕೂತಾಯಿತಾ? ಅವನು ತಲೆಯಾಡಿಸಿದ. ಅವಳು ಕೈಗವಸು ಕಳಚಿ ಕಸದ ಡಬ್ಬಿಗೆ ಹಾಕಿ, ರೋಗಿ ಕೂರುವ ಕುರ್ಚಿಯಲ್ಲಿ ತಾನೇ ಕೂತಳು.

ಹೇಳಿದ್ದಿಷ್ಟು. ಆ ಕಾರನ್ನು ತರಿಸಿದವನು ಯಾರೋ ಇಂಜಿನಿಯರು. ಮಕ್ಕಳನ್ನು ಹೆತ್ತ ಹೆಂಡತಿಯನ್ನು ಬಿಟ್ಟು, ಇನ್ನೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರಿನಲ್ಲಿ ಹೊರಡುವವನಿದ್ದ. ಹೆಂಡತಿಗೆ ಗೊತ್ತಾಯಿತು. ಅವಳು ಬೊಬ್ಬೆ ಹಾಕಲಿಲ್ಲ. ಜಡೆ ಕತ್ತರಿಸಿ, ಮಾಟ ಮಾಡುವವನೊಬ್ಬನಿಂದ ಮೊಳೆ ಹೊಡೆಸಿ, ಗಂಡನ ಸೀಟಿನಲ್ಲಿಟ್ಟು ಹೊಲಿದಳು. ಇವನು ಯಾರ ಬಾಗಿಲಿಗೆ ಹೋದರೂ ಯಾರಿಗೂ ಇವನ ಗುರುತು ಸಿಗದಿರಲಿ. ದೂರದವರಿಗೆ ಮೊದಲು, ಹತ್ತಿರದವರಿಗೆ ಆಮೇಲೆ, ಇವನನ್ನು ಎಲ್ಲರಿಗಿಂತ ಹೆಚ್ಚು ನಂಬಿದವರಿಗೆ ಕೊನೆಗೆ.

"ಕಾರು ಕೈಯಿಂದ ಕೈ ದಾಟಿ ನನ್ನ ಹತ್ರ ಬಂತು. ನಂದೂ ಹಾಗೇ ಆಗಿತ್ತು. ನಮ್ಮಮ್ಮಾನೇ ನನ್ನ ಮನೆ ಒಳಗೆ ಬಿಡಲಿಲ್ಲ. ಅಷ್ಟರಲ್ಲಿ ಉಪಾಯ ಗೊತ್ತಾಯ್ತು. ಇನ್ನೊಬ್ಬರ ಕೈಗೆ ಕೀ ಕೊಡಬೇಕು. ಓನರೇ ಕೊಡಬೇಕು ಅಂತೇನಿಲ್ಲ. ತಗೊಳ್ಳೋನು ಯಾರನ್ನ ಕಣ್ಣು ಮುಚ್ಚಿ ನಂಬ್ತಾನೋ ಅವರು ಕೊಟ್ಟರೆ ಸಾಕು. ಅವನು ಕೂತ, ಇವನು ಬಿಡುಗಡೆ."

ಹಾಗಾದರೆ ಭಾವ ನಿಮ್ಮನ್ನು ಅಷ್ಟು ನಂಬಿದ್ದನೇ ಎಂದ ಜರ್ಮನಿ.

"ನನ್ನ ಪೇಷೆಂಟು ಕಣಯ್ಯ. ಆಗ ನನ್ನ ಗುರುತು ಉಳಿದಿದ್ದದ್ದು ಅವನೊಬ್ಬನಿಗೇ. ಬಾಯಿ ಕಳೆದು, ಕಣ್ಣು ಮುಚ್ಚಿ ನನ್ನ ಮುಂದೆ ಮಲಗಿದ್ದ. ಅದಕ್ಕಿಂತ ನಂಬಿಕೆ ಇನ್ನೇನು?" ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. "ಆಮೇಲೆ ಅವನ ಹೆಂಡ್ತಿ ಬಂದು ಕಾಲು ಹಿಡಿದಳು. ಊರಿಗೆಲ್ಲ ಗುರುತಿಲ್ಲದ ಗಂಡನ್ನ ಅವಳೊಬ್ಬಳೇ ಗುರುತು ಹಿಡೀತಿದ್ದಳು. ನಾನೇ ದಾರಿ ಹೇಳಿಕೊಟ್ಟೆ. ಒಂದು ಮಾತೂ ಹೇಳಿದ್ದೆ. ಕೊಟ್ಟವರಿಗೆ ಮಾತ್ರ ತಗೊಂಡವನ ಮುಖ ಸಾಯೋವರೆಗೂ ಮರೆಯಲ್ಲ. ಲೋಕ ಎಲ್ಲ ಮರೆತರೂ ಅವರಿಗೆ ಮರೆಯಲ್ಲ. ಯೋಚನೆ ಮಾಡು ಅಂದೆ. ಮಾಡಿದೀನಿ ಅಂದಳು."

ಜರ್ಮನಿಯ ಕಣ್ಣ ಮುಂದೆ ಸೋಫಾದ ತುದಿ ಬಂತು. ಮೊಣಕಾಲು ಜೋಡಿಸಿಕೊಂಡು, ಕಣ್ಣು ತುಂಬಿಕೊಂಡು ಕೂತಿದ್ದ ಬಡಕಲು ಮನುಷ್ಯ. ತನ್ನ ಭಾವ. ತನ್ನ ಮದುವೆಯಲ್ಲಿ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದವನು, ತಾನು ನಲ್ಲಿ ರಿಪೇರಿಯವನು ಅಂದುಕೊಂಡವನು.

ಅಕ್ಕನ ಮನೆಯ ದಾರಿಯುದ್ದಕ್ಕೂ ಅವನು ಅವಳ ಪರವಾಗಿಯೇ ವಾದ ಮಾಡಿದ. ಅವಳಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ನಂಬಿರಲಿಕ್ಕಿಲ್ಲ. ನಂಬಿದ್ದರೂ ಬೇರೆ ದಾರಿ ಇರಲಿಲ್ಲವೇನೋ. ಕೊಟ್ಟವಳಿಗೆ ಮರೆಯುವುದಿಲ್ಲ ಎಂದಮೇಲೆ, ಈ ಪ್ರಪಂಚದಲ್ಲಿ ತನ್ನನ್ನು ಪುಟ್ಟ ಎಂದು ಕರೆಯಬಲ್ಲ ಒಂದು ಬಾಯಿ ಉಳಿದಿದೆ. ಬೈಯಬೇಕು ಅಂತಲೂ ಅವನಿಗಿರಲಿಲ್ಲ. ಒಂದು ಸಲ ಅವಳು ಕರೆದರೆ ಸಾಕಿತ್ತು.

ಬಾಗಿಲು ತೆಗೆದದ್ದು ಭಾವ. ಮೈ ತುಂಬಿಕೊಂಡಿದ್ದ, ಕೆನ್ನೆಗೆ ಬಣ್ಣ ಬಂದಿತ್ತು. ಜರ್ಮನಿಯನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ತಿರುಗಿ, ಯಾರೋ ಬಂದಿದಾರೆ ನೋಡೇ, ನಿನಗೆ ಗೊತ್ತಿರಬೇಕು ಎಂದು ಕೂಗಿದ.

ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಅವನನ್ನು ನೋಡುವುದಕ್ಕೆ ಮುಂಚೆ ಅವನ ಹೆಗಲ ಮೇಲಿಂದ ಹೊರಗೆ ನಿಂತ ಕಾರನ್ನು ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

"ಇಲ್ಲ ಕಣ್ರೀ," ಎಂದಳು ಗಂಡನಿಗೆ. "ನಂಗೂ ಗೊತ್ತಿಲ್ಲ."

ಅಕ್ಕ ಎಂದ ಅವನು. ಒಂದು ಹೆಜ್ಜೆ ಮುಂದಿಟ್ಟ. ಆಗ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಬೆರಳಿಗೆ ಬೆರಳು ಹೆಣೆದು, ಮುಷ್ಟಿ ಬಿಗಿದು, ಗೋಡೆಗೆ ಒತ್ತಿ ನಿಂತಳು. ಗುರುತಿಲ್ಲದವನೊಬ್ಬ ಬಾಗಿಲಿಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ, ದನಿ ಎತ್ತುತ್ತಾರೆ. ಕೈ ಬಚ್ಚಿಟ್ಟುಕೊಳ್ಳುವುದಿಲ್ಲ. ಅವಳಿಗೆ ಅವನು ಗೊತ್ತಿದ್ದ. ಅವನ ಮೈಯ ಒಂದೊಂದು ಗಾಯದ ಗುರುತೂ ಗೊತ್ತಿತ್ತು. ತಾನು ಅವನಿಗೆ ಮಾಡಿದ್ದನ್ನೇ ಅವನು ತನಗೆ ಮಾಡಲು ಬಂದಿದ್ದಾನೆ ಎಂದುಕೊಂಡಿದ್ದಳು. ಅವಳು ಕೀ ಕೊಟ್ಟದ್ದಕ್ಕಿಂತ, ಅವನು ಕೊಡಬಲ್ಲ ಎಂದು ಅವಳು ನಂಬಿದ್ದು ಅವನ ಎದೆಯನ್ನು ಸೀಳಿತು.

ಪಾಪ, ಯಾವುದೋ ಕಷ್ಟದಲ್ಲಿರಬೇಕು, ನೀರು ಕೊಡ್ಲಾ ಎಂದ ಭಾವ. ಬೇಡ ಎಂದು ಜರ್ಮನಿ ಮೆಟ್ಟಿಲಿಳಿದ.

ಇನ್ನು ಉಳಿದವಳು ಮಗಳು. ಕಾಲೇಜಿನ ಹಾಸ್ಟೆಲಿನಲ್ಲಿದ್ದಳು. ಅವಳೂ ಮರೆತಿದ್ದರೆ ಅಲ್ಲಿಗೆ ಮುಗಿಯಿತು ಎಂದುಕೊಂಡು ಗೇಟಿನ ಎದುರು ಕಾರು ನಿಲ್ಲಿಸಿ, ಪಕ್ಕದಲ್ಲಿ ನಿಂತ. ಕ್ಲಾಸು ಬಿಟ್ಟು ಹುಡುಗಿಯರ ಗುಂಪು ಹೊರಗೆ ಬಂತು. ಅವಳ ಕಣ್ಣು ಅವನ ಮೇಲೆ ಬಿತ್ತು. ಜಾರಲಿಲ್ಲ. ನಿಂತಿತು.

"ಅಪ್ಪ, ಏನಿದು ಈ ಅವತಾರ? ಅಮ್ಮ ಫೋನ್ ಮಾಡಿ ಅಳ್ತಿದಾಳೆ. ಮನೆಗೆ ಯಾಕೆ ಹೋಗಿಲ್ಲ?"

ಅವನು ಬಾನೆಟ್ಟಿಗೆ ಒರಗಿ ನಿಂತ. ಅಪ್ಪ. ಆ ಒಂದು ಶಬ್ದ ಅವನ ಮೈಯ ತುಂಬ ಓಡಾಡಿತು. ಅವಳು ಹತ್ತಿರ ಬಂದು ಅವನ ಹಣೆ ಮುಟ್ಟಿದಳು, ಕಿವಿಯ ಹಿಂದಿನ ಬೊಕ್ಕೆ ನೋಡಿ ಮುಖ ಕಿವುಚಿದಳು, ಕನ್ನಡಕ ಸರಿ ಮಾಡಿದಳು. ಊರಿಗೆಲ್ಲ ಕನ್ನಡಕ ಹಾಕಿ ನಿನ್ನದೇ ಸೊಟ್ಟ ಇಟ್ಕೊಂಡಿದೀಯಲ್ಲ ಎಂದು ಬೈದಳು. ಅವನು ಬಾನೆಟ್ಟು ಬಿಟ್ಟು ಏಳದಿರುವುದನ್ನು ನೋಡಿ, ತನ್ನ ಅಂಗೈ ಚಾಚಿದಳು.

"ಕೀ ಕೊಡು. ನಾನು ಓಡಿಸ್ತೀನಿ. ನಡಿ ಮನೆಗೆ."

ಅಂಗೈ. ಬಿಸಿಲಿಗೆ ಕೆಂಪಗಿತ್ತು. ಪೆನ್ನಿನ ಮಸಿಯ ಗೆರೆಯೊಂದಿತ್ತು. ಒಂದು ಗೇಣು ದೂರದಲ್ಲಿತ್ತು. ಕೀ ಅವನ ಮುಷ್ಟಿಯಲ್ಲಿತ್ತು. ಇಟ್ಟರೆ ಆಯಿತು. ಅವಳು ಕೂರುತ್ತಾಳೆ. ಕೂತ ಕ್ಷಣ ಮಾರ್ಕೆಟ್ಟು ಅವನನ್ನು ಜರ್ಮನಿ ಎಂದು ಕೂಗುತ್ತದೆ. ಹೆಂಡತಿ ಬಾಗಿಲು ತೆಗೆಯುತ್ತಾಳೆ. ಇವಳು ಚಿಕ್ಕವಳು, ಇವಳಿಗೆ ಟೈಮಿದೆ, ಇವಳಿಗೆ ಇನ್ಯಾರಾದರೂ ಸಿಗುತ್ತಾರೆ. ಹಾಗೆಂದು ಯಾರು ಹೇಳಿದರು? ತಾನೇ ಹೇಳಿದನೇ? ಕಾರಿನೊಳಗಿನಿಂದ ಸದ್ದು. ಸರ್. ಸರ್. ಅವನ ಕೈ ಮುಂದೆ ಹೋಯಿತು. ಬೆರಳು ಸಡಿಲವಾಯಿತು. ಕೀಯ ತುದಿ ಅವಳ ಅಂಗೈಯ ನೆರಳಿಗೆ ಬಂತು.

ಅವನು ಕೈ ಹಿಂದಕ್ಕೆ ಸೆಳೆದುಕೊಂಡ. ಬೆನ್ನ ಹಿಂದೆ. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ.

"ಒರಿಜಿನಲ್ ಕ್ಲಚ್ಚು ಹಾಳು ಮಾಡ್ತೀನಿ ಅಂತ ಭಯಾನಾ?" ಅವಳು ನಗುತ್ತಿದ್ದಳು. "ನನ್ಮೇಲೆ ನಂಬಿಕೆ ಇಲ್ವಾ ನಿಂಗೆ?"

ಇದೆ ಎಂದರೆ ಕೊಡಬೇಕು. ಇವತ್ತು ತಪ್ಪಿಸಿದರೆ ನಾಳೆ ಕೇಳುತ್ತಾಳೆ. ನಾಳೆ ಅವನಿಗೆ ಇವತ್ತಿನಷ್ಟು ಗಟ್ಟಿತನ ಇರುತ್ತದೆ ಎಂದು ಯಾರು ಕಂಡವರು. ಎಲ್ಲರಿಗಿಂತ ಹೆಚ್ಚು ನಂಬಿದವರಿಗೆ ಕೊನೆಗೆ. ತನ್ನ ಮೇಲಿನ ಅವಳ ನಂಬಿಕೆ ಹೋದರೆ ಈಗಲೇ.

"ಇಲ್ಲ," ಎಂದ. "ನಿನ್ಮೇಲೆ ನಂಗೆ ನಂಬಿಕೆ ಇಲ್ಲ. ಯಾವತ್ತೂ ಇರಲಿಲ್ಲ."

ಅವಳ ನಗು ತುಟಿಯಲ್ಲೇ ನಿಂತಿತು. ಹೊಡೆತ ತಿಂದ ಮಗುವಿನ ಹಾಗೆ ಒಂದು ಕ್ಷಣ ಅವನನ್ನೇ ನೋಡಿದಳು. ಕಣ್ಣು ತುಂಬಿತು. ಆಮೇಲೆ ಆ ಕಣ್ಣು, ಅವನು ನೋಡುತ್ತಿದ್ದ ಹಾಗೇ, ಅವನ ಹಣೆಯಿಂದ, ಮೂಗಿನಿಂದ, ಗಲ್ಲದಿಂದ ಜಾರಿ ಕೆಳಗಿಳಿಯಿತು. ಚಾಚಿದ ಅಂಗೈಯನ್ನು ತಾನೇ ನೋಡಿಕೊಂಡು, ಇದನ್ನು ಯಾಕೆ ಚಾಚಿದೆ ಎಂದು ತಿಳಿಯದೆ, ನಾಚಿ ಹಿಂದಕ್ಕೆ ತೆಗೆದುಕೊಂಡಳು. ಕೆನ್ನೆ ಯಾಕೆ ಒದ್ದೆಯಾಗಿದೆ ಎಂದೂ ಅವಳಿಗೆ ಗೊತ್ತಾಗಲಿಲ್ಲ. ಒರೆಸಿಕೊಂಡಳು.

"ಸಾರಿ ಅಂಕಲ್. ಯಾರನ್ನೋ ಅಂದ್ಕೊಂಡೆ."

ಪರವಾಗಿಲ್ಲಮ್ಮ ಎಂದ. ಅವಳು ನಾಲ್ಕು ಹೆಜ್ಜೆ ಆಚೆ ಹೋಗಿ, ಗೇಟಿನ ಕಡೆ ಒಂದು ಸಲ, ರಸ್ತೆಯ ಕಡೆ ಒಂದು ಸಲ ಕತ್ತು ಚಾಚಿ ಯಾರನ್ನೋ ಹುಡುಕಿ, ಚೀಲದಿಂದ ಫೋನು ತೆಗೆದು ಕಿವಿಗಿಟ್ಟುಕೊಂಡಳು.

ಅವನ ಜೇಬಿನಲ್ಲಿ ಫೋನು ಹಾಡತೊಡಗಿತು.

ಅವನು ಜೇಬನ್ನು ಅಂಗೈಯಿಂದ ಒತ್ತಿ ಹಿಡಿದ. ಅದು ಎದೆಯ ಮೇಲೆ ಅದುರುತ್ತಲೇ ಇತ್ತು. ಅವಳು ಆ ಕಡೆ ನೋಡುತ್ತ ಕಾದಳು, ಕಾಲು ಬದಲಿಸಿದಳು, ಎತ್ತಪ್ಪ, ಎತ್ತು ಎಂದು ತನ್ನಷ್ಟಕ್ಕೆ ಗೊಣಗಿದಳು. ಆಮೇಲೆ ಈ ಕಡೆಯ ಸದ್ದು ಕೇಳಿ ತಿರುಗಿ, ಗುರುತಿಲ್ಲದ ಹಿರಿಯರಿಗೆ ಮರ್ಯಾದೆಯ ಹುಡುಗಿಯೊಬ್ಬಳು ಹೇಳುವ ಹಾಗೆ ಹೇಳಿದಳು.

"ಅಂಕಲ್, ನಿಮ್ಮ ಫೋನು. ಮನೆಯವರಿರಬೇಕು, ಎತ್ತಿ ಪಾಪ."